ಸಂತೆಗೆ ಹೋಗುವ ರಾಣಿ

ಜೇನಿನ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ ಎಂಬ ಜಂಬ ಹೊತ್ತುಕೊಂಡೇ ನಾನು ಫಿನ್ಲೆಂಡಿಗೆ ಬಂದವಳು. ಸಾಗರದ ಕಡೆಯ ನಮ್ಮ ತೋಟದಲ್ಲಿ ಅಪ್ಪಯ್ಯ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರು. ಮಳೆಗಾಲದಲ್ಲಿ ಹೂವಿಲ್ಲದೆ ಕುಟುಂಬ ಸೊರಗಿದರೆ ಸಕ್ಕರೆ ಪಾಕ ಇಡುವುದು, ಪಾಲಾಗಲು ಹೊರಟಿತೋ ಎಂದು ಎರಿ ಎತ್ತಿ ನೋಡುವುದು, ಹುಳು ಬಿದ್ದ ಎರಿ ಕತ್ತರಿಸಿ ಎಸೆಯುವುದು, ಎಲ್ಲ ನೋಡಿಯೇ ಬೆಳೆದದ್ದು. ರಾಣಿ ಅಂದರೆ ಪೆಟ್ಟಿಗೆಯೊಳಗೆ ಕೂತು ಮೊಟ್ಟೆ ಇಡುವವಳು. ಹೂವಿನ ಮೇಲೆ ಕಾಣುವುದೆಲ್ಲ ದುಡಿಯುವ ನೊಣ. ಅದರಲ್ಲಿ ಒಂದು ಸತ್ತರೆ ಕುಟುಂಬಕ್ಕೆ ಲೆಕ್ಕವೂ ಸಿಗುವುದಿಲ್ಲ. ಇಷ್ಟು ತಿಳಿದರೆ ಸಾಕು ಎಂದುಕೊಂಡಿದ್ದೆ.

ತಾಂಪೆರೆಯಲ್ಲಿ ಊರಾಚೆ ತರಕಾರಿ ಬೆಳೆಯಲು ಬಾಡಿಗೆಗೆ ತುಂಡು ನೆಲ ಸಿಕ್ಕಿತು. ಮೇ ನಡುವೆ ಒಂದು ಮಧ್ಯಾಹ್ನ, ಗೂಸ್‌ಬೆರಿ ಪೊದೆಯ ಪಕ್ಕದ ಕಲ್ಲುಹಾಸಿನ ಮೇಲೆ ಒಂದು ದಪ್ಪ ಬಂಬಲ್‌ಬೀ ಕೂತಿತ್ತು. ನಮ್ಮ ಕಡೆ ಮರ ಕೊರೆಯುವ ನುಣುಪಾದ ಕರಿ ದುಂಬಿಯಲ್ಲ. ಮೈತುಂಬ ಕೂದಲು, ಹಳದಿ ಪಟ್ಟೆ, ಬಿಳಿ ಬಾಲ. ಮುಟ್ಟಿದರೂ ಹಾರಲಿಲ್ಲ. ಹೊಟ್ಟೆ ಮಾತ್ರ ಬಡಬಡ ಏರಿಳಿಯುತ್ತಿತ್ತು. ಹಿಂಗಾಲುಗಳಲ್ಲಿ ಪರಾಗದ ಎರಡು ಹಳದಿ ಉಂಡೆ. ಪಾಪ, ಹೊರೆ ಭಾರವಾಗಿ ಚಳಿಗೆ ಸಿಕ್ಕಿ ಕೊನೆಯುಸಿರು ಎಳೆಯುತ್ತಿದೆ ಎಂದು ತೀರ್ಮಾನಿಸಿದೆ. ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಹೀಟರ್ ಪಕ್ಕ ಇಟ್ಟು, ಅಪ್ಪಯ್ಯನ ಪಾಠದಂತೆ ಸಕ್ಕರೆ ನೀರು ಕೊಟ್ಟೆ. ನಾಲಗೆ ಚಾಚಿ ಕುಡಿಯಿತು, ಗುಂಯ್ ಎಂದಿತು. ಅಷ್ಟು ಹೊತ್ತಿಗೆ ಹೊರಗೆ ಸೊನ್ನೆ ಡಿಗ್ರಿಯ ಹತ್ತಿರ. ಇಂಥ ಚಳಿಗೆ ಬಿಡಲು ಮನಸ್ಸಾಗದೆ ರಾತ್ರಿಯಿಡೀ ಇಟ್ಟುಕೊಂಡು, ಬೆಳಿಗ್ಗೆ ಬಿಸಿಲೇರಿದ ಮೇಲೆ ಬಿಟ್ಟೆ. ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊ ಕೂಡ ಹಾಕಿದೆ. ಶಭಾಷ್‌ಗಿರಿ ಬಂತು.

ಪಕ್ಕದ ತುಂಡಿನಲ್ಲಿ ಆಲೂಗಡ್ಡೆ ಬೆಳೆಯುವ ಮುದುಕಿಗೂ ಇದನ್ನೇ ಹೆಮ್ಮೆಯಿಂದ ಹೇಳಿದೆ. ಆಕೆ ಪೂರ್ತಿ ಕೇಳಿ, ಕಾಲಲ್ಲಿ ಪರಾಗ ಇತ್ತೇ ಎಂದಷ್ಟೇ ವಿಚಾರಿಸಿದರು. ಇತ್ತು ಎಂದೆ. ಹಾಗಾದರೆ ಮನೆಯಲ್ಲಿ ಮಕ್ಕಳಿದ್ದವು ಎಂದು ಹೇಳಿ ಸಲಿಕೆ ಎತ್ತಿಕೊಂಡರು. ಫಿನ್ಲೆಂಡಿನವರು ಸಮಾಧಾನಕ್ಕೆಂದು ಸುಳ್ಳು ಹೇಳುವುದಿಲ್ಲ.

ಮೇ ತಿಂಗಳಲ್ಲಿ ಈ ದೇಶದಲ್ಲಿ ಹಾರಾಡುವ ದಪ್ಪ ಬಂಬಲ್‌ಬೀಗಳು ಹೆಚ್ಚುಕಡಿಮೆ ಎಲ್ಲವೂ ರಾಣಿಯರೇ, ಒಬ್ಬೊಬ್ಬಳೂ ಒಂಟಿ. ತುಡುವೆಯಂತೆ ಸಾವಿರಾರು ನೊಣಗಳು ಒತ್ತೊತ್ತಾಗಿ ಕೂತು, ಕೂಡಿಟ್ಟ ತುಪ್ಪ ತಿಂದು ಚಳಿ ಕಳೆಯುವ ಏರ್ಪಾಡು ಇವಕ್ಕಿಲ್ಲ. ಶರತ್ಕಾಲ ಬಂದರೆ ಹಳೆಯ ರಾಣಿ, ದುಡಿಯುವವರು, ಗಂಡುಗಳು ಎಲ್ಲ ಸಾಯುತ್ತಾರೆ. ಉಳಿಯುವವರು ಆ ವರ್ಷ ಹುಟ್ಟಿ ಗಂಡಿನೊಡನೆ ಕೂಡಿದ ಎಳೆ ರಾಣಿಯರು ಮಾತ್ರ. ಅವರು ಮಣ್ಣಿನಲ್ಲಿ ಗೇಣಿಗಿಂತ ಕಡಿಮೆ ಆಳದಲ್ಲಿ ಹೂತುಕೊಂಡು, ಮೈಯ ಕೊಬ್ಬನ್ನೇ ನಂಬಿ ಅರ್ಧ ವರ್ಷಕ್ಕೂ ಹೆಚ್ಚು ಮಲಗುತ್ತಾರೆ. ಹಿಮ ಕರಗಿದೊಡನೆ ಎದ್ದು, ಮೊದಲು ಹೂ ಬಿಡುವ ವಿಲ್ಲೋ ಮರಕ್ಕೆ ಮುಗಿಬೀಳುತ್ತಾರೆ. ಆಮೇಲೆ ಮನೆ ಹುಡುಕಾಟ. ಇಲಿ ಬಿಟ್ಟುಹೋದ ಬಿಲ ಸಿಕ್ಕರೆ ಭಾಗ್ಯ. ಅಲ್ಲಿ ಮೇಣದ ಪುಟ್ಟ ಕುಡಿಕೆ ಕಟ್ಟಿ ಮಕರಂದ ತುಂಬಿ, ಪರಾಗದ ಉಂಡೆಯ ಮೇಲೆ ಮೊಟ್ಟೆ ಇಟ್ಟು, ಅದರ ಮೇಲೆ ಕಾವು ಕೂರುತ್ತಾಳೆ. ಕುಡಿಕೆ ನಾಲಗೆಗೆ ಎಟುಕುವಷ್ಟು ಹತ್ತಿರ, ಏಳದೆಯೇ ಕುಡಿಯಲೆಂದು. ಮರಿಗಳಿಗೆ ಬೇಕಾದ್ದು ಸುಮಾರು 30 ಡಿಗ್ರಿ ಶಾಖ, ಹೊರಗೆ ಮಂಜು ಬೀಳುತ್ತಿದ್ದರೂ. ಮೊದಲ ಹೆಣ್ಣುಮಕ್ಕಳು ದುಡಿಮೆಗೆ ಇಳಿಯಲು ಹತ್ತಿರ ಹತ್ತಿರ ತಿಂಗಳು ಬೇಕು. ಅಲ್ಲಿಯವರೆಗೆ ಬಾಣಂತಿಯೂ ಅವಳೇ, ಸೂಲಗಿತ್ತಿಯೂ ಅವಳೇ, ಸಂತೆಗೆ ಹೋಗಿ ಸಾಮಾನು ತರುವವಳೂ ಅವಳೇ.

ಅಂಥವಳನ್ನು ನಾನು ಒಂದು ರಾತ್ರಿ ಹೀಟರ್ ಪಕ್ಕ ಕೂಡಿಹಾಕಿದ್ದೆ. ಮರಿಗಳು ಸತ್ತವೋ ಉಳಿದವೋ ನೋಡಿದವರಿಲ್ಲ. ಸ್ವಲ್ಪ ಹೊತ್ತಿನ ತಂಪನ್ನು ಅವು ತಡೆಯುತ್ತವೆ. ಸೊನ್ನೆಯ ಹತ್ತಿರದ ಇಡೀ ರಾತ್ರಿಯ ಬಗ್ಗೆ ನನಗೆ ಆಸೆಯಿಲ್ಲ. ಕೊನೆಯುಸಿರು ಎಂದುಕೊಂಡ ಹೊಟ್ಟೆಯ ಏರಿಳಿತವೂ ಬಹುಶಃ ಕಾಯಿಲೆಯಲ್ಲ. ರೆಕ್ಕೆಯನ್ನು ಸ್ನಾಯುವಿನಿಂದ ಬೇರ್ಪಡಿಸಿದಂತೆ ಇಟ್ಟುಕೊಂಡು, ಹಾರದೆಯೇ ಸ್ನಾಯು ನಡುಗಿಸಿ ಮೈ ಬಿಸಿ ಮಾಡಿಕೊಳ್ಳುವುದು ಇವುಗಳ ವಿದ್ಯೆ. ಎದೆಯ ಸ್ನಾಯು 30 ಡಿಗ್ರಿ ಮುಟ್ಟಿದರೆ ಹಾರಾಟ. ಬರ್ಂಡ್ ಹೈನ್ರಿಖ್ ಎಂಬ ವಿಜ್ಞಾನಿ ಈ ಶಾಖದ ಆಯವ್ಯಯವನ್ನೇ ಲೆಕ್ಕಹಾಕಿ 1979ರಲ್ಲಿ ಒಂದು ಪುಸ್ತಕ ಬರೆದರು. ಓದಿದ ಮೇಲೆ ನನಗನ್ನಿಸಿದ್ದು: ಅವಳು ಇನ್ನೇನು ಏಳುವುದರಲ್ಲಿದ್ದಳು, ನಾನು ಡಬ್ಬಿ ತಂದೆ.

ಜೇನ್ನೊಣ ಸುಮಾರು 10 ಡಿಗ್ರಿಗಿಂತ ಕೆಳಗೆ ಪೆಟ್ಟಿಗೆ ಬಿಟ್ಟು ಹೊರಡುವುದು ಅಪರೂಪ. ಇವಳು ಅದಕ್ಕಿಂತ ಎಷ್ಟೋ ಕೆಳಗೂ, ಮೋಡವಿದ್ದರೂ ಹೂವಿಗೆ ಬರುತ್ತಾಳೆ. ಈ ದೇಶದ ಕಾಡು ಅವಳನ್ನು ನೆಚ್ಚಿಕೊಂಡಿರುವುದು ಇದಕ್ಕೇ. ಇಲ್ಲಿಯವರು ಮುಸ್ತಿಕ್ಕ ಎನ್ನುವ, ನಾಲಗೆ ನೀಲಿಯಾಗಿಸುವ ಕಾಡುಹಣ್ಣಿನ ಹೂವು ತಲೆಕೆಳಗಾದ ಪುಟ್ಟ ಗಂಟೆ. ಅದರ ಪರಾಗಕೋಶ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ತೂತಷ್ಟೇ. ದುಂಬಿ ಹೂವಿಗೆ ಜೋತುಬಿದ್ದು ಎದೆಯ ಸ್ನಾಯು ಕಂಪಿಸಿದರೆ ಪರಾಗ ಉದುರುತ್ತದೆ. ಮೈ ಕಾಯಿಸುವ ಸ್ನಾಯುವೇ ಇಲ್ಲಿ ಹೂವನ್ನೂ ಅಲುಗಿಸುತ್ತದೆ. ಟೊಮೆಟೊ ಹೂವಿಗೂ ಇದೇ ಅಲುಗಾಟ ಬೇಕು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನಲ್ಲಿ ಬಂಬಲ್‌ಬೀಗಳನ್ನು ಸಾಕಿ ಹಸಿರುಮನೆಗಳಿಗೆ ಮಾರುವ ಉದ್ಯಮ ಶುರುವಾಗಿದ್ದು ಅದರಿಂದಲೇ. ಮುಸ್ತಿಕ್ಕ ಮುಗಿದರೆ ಪುವೊಲುಕ್ಕ ಎಂಬ ಇನ್ನೊಂದು ಕಾಡುಹಣ್ಣಿನ ಹೂವು, ಆಮೇಲೆ ಕಾಡು ರಾಸ್‌ಬೆರಿ, ಜುಲೈಗೆ ಗುಲಾಬಿ ಬಣ್ಣದ ಫೈರ್‌ವೀಡ್, ಆಗಸ್ಟ್‌ಗೆ ಹೆದರ್. ಒಂದರ ಹಿಂದೆ ಒಂದು. ಆದರೆ ಮೊದಲನೆಯದು ತಪ್ಪಿದರೆ ಉಳಿದವನ್ನು ತಿನ್ನಲು ಯಾರೂ ಹುಟ್ಟಿರುವುದಿಲ್ಲ.

ಇದನ್ನು ತಿಳಿದಾಗ ನನಗೆ ಡಬ್ಬಿಗಿಂತ ಹಳೆಯ ತಪ್ಪೊಂದು ನೆನಪಾಯಿತು. ಹಿಂದಿನ ಶರತ್ಕಾಲ ನೆಲ ಹಸನು ಮಾಡುವ ಹುಮ್ಮಸ್ಸಿನಲ್ಲಿ ಬದಿಯ ದಿಬ್ಬ ಅಗೆದು ಮಟ್ಟ ಮಾಡಿದ್ದೆ. ಅಡಿಕೆ ತೋಟದವರ ಮಗಳಲ್ಲವೇ, ಇಲಿ ಬಿಲ ಕಂಡಲ್ಲೆಲ್ಲ ಕಲ್ಲು ಜಡಿದಿದ್ದೆ. ಮೂಲೆಯ ವಿಲ್ಲೋ ನೆರಳು ಮಾಡುತ್ತದೆಂದು ಕಡಿಸಿದ್ದೆ. ಮಲಗುವ ಜಾಗ, ಬಾಣಂತಿ ಕೋಣೆ, ಮೊದಲ ಊಟ, ಮೂರೂ ಹೋದವು. ಬದಲಿಗೆ ಜುಲೈನಲ್ಲಿ ಅರಳುವ ಬಣ್ಣಬಣ್ಣದ ಹೂಗಳನ್ನು ಬಿತ್ತಿ, ಜೇನಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಡಾರ್ವಿನ್ 1859ರಲ್ಲೇ ಬೆಕ್ಕು, ಇಲಿ, ಬಂಬಲ್‌ಬೀ, ಕೆಂಪು ಕ್ಲೋವರ್‌ಗಳನ್ನು ಒಂದೇ ಸರಪಣಿಗೆ ಪೋಣಿಸಿದ್ದರು. ಅವರ ಲೆಕ್ಕದಲ್ಲಿ ಇಲಿ ಗೂಡು ಕೆಡಿಸುವ ಖಳ. ಗೂಡಿಗೆ ಜಾಗ ಬಿಟ್ಟುಹೋಗುವುದೂ ಅದೇ ಇಲಿ. ನನಗೆ ಖಳ ಮಾತ್ರ ಕಂಡಿತ್ತು.

ಆ ವರ್ಷ ಗೂಸ್‌ಬೆರಿ ಸರಿಯಾಗಿ ಕಚ್ಚಲಿಲ್ಲ. ತಡವಾಗಿ ಬಿದ್ದ ಮಂಜಿನಿಂದ ಎಂದು ನನ್ನ ಯಜಮಾನರು. ಇರಬಹುದು. ದುಂಬಿಗಳು ಬೇಕಾದರೆ ಕಿಲೋಮೀಟರ್ ದೂರದಿಂದಲೂ ಬರುತ್ತವೆ, ನನ್ನದೊಂದು ಮರದಿಂದ ಊರು ಮುಳುಗಲಿಲ್ಲ ಎಂದೂ ಅವರು ಸಮಾಧಾನ ಹೇಳಿದರು. ಆ ಸಮಾಧಾನ ನಾನು ತೆಗೆದುಕೊಳ್ಳಲಿಲ್ಲ. ಸುತ್ತಲಿನವರೆಲ್ಲ ನನ್ನ ಹಾಗೇ ಅಚ್ಚುಕಟ್ಟು ಮಾಡುವವರಾಗಿದ್ದರೆ?

ಈಗ ನೆಲದ ಮೇಲೆ ಕೂತ ರಾಣಿ ಕಂಡರೆ ಮೊದಲು ಹಿಂಗಾಲು ನೋಡುತ್ತೇನೆ. ತೀರಾ ನಿತ್ರಾಣವಾಗಿದ್ದರೆ ಚಮಚದ ತುದಿಯಲ್ಲಿ ಸಕ್ಕರೆ ನೀರು ಇಟ್ಟು ದೂರ ಸರಿಯುತ್ತೇನೆ. ಜೇನುತುಪ್ಪ ಕೊಡುವುದಿಲ್ಲ, ಅದರಲ್ಲಿ ರೋಗ ಸಾಗುತ್ತದೆ.

ವಿಲ್ಲೋ ಮತ್ತೆ ಬೆಳೆಸೋಣವೆಂದು ಊರಿನಲ್ಲಿ ಗ್ಲಿರಿಸಿಡಿಯ ಗೂಟ ನೆಟ್ಟಂತೆ ರೆಂಬೆ ಕಡಿದು ನೆಟ್ಟೆ. ಈ ಜಾತಿಯ ವಿಲ್ಲೋ ಗೂಟಕ್ಕೆ ಅಷ್ಟು ಸುಲಭವಾಗಿ ಬೇರು ಬಿಡುವುದಿಲ್ಲವಂತೆ, ಎಲ್ಲ ಒಣಗಿದವು. ಕೊನೆಗೆ ಕಡಿದ ಬುಡವೇ ತಾನಾಗಿ ಚಿಗುರಿತು. ಪಕ್ಕದ ಮುದುಕಿ ಬೇಲಿಯಾಚೆಯಿಂದ ನೋಡಿ, ಗಂಡು ಮರವೋ ಹೆಣ್ಣು ಮರವೋ ಎಂದು ಕೇಳಿದರು. ಮಕರಂದ ಎರಡರಲ್ಲೂ ಇದೆ, ಪರಾಗ ಗಂಡಿನಲ್ಲಿ ಮಾತ್ರ. ಗೊತ್ತಿಲ್ಲ ಎಂದೆ. ಅದು ಹೂ ಬಿಟ್ಟ ವಸಂತದಲ್ಲಿ ನಾನು ನೋಡಿದ್ದು ಅದರ ನೆರಳನ್ನಷ್ಟೇ.