ಒಂದು ಕ್ಲಿಕ್ಕಿಗೆ ಎಷ್ಟು ಟೆಂಡರು?

ಸೋಮವಾರ ಇಲ್ಲವೆ ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೊಸಬರು ಕಾಲಿಟ್ಟರೆ ಮೊದಲು ಕಣ್ಣಿಗೆ ಕೆಂಪು ತುಂಬುತ್ತದೆ, ಆಮೇಲೆ ಮೂಗಿಗೆ ಘಾಟು ಏರಿ ಸೀನು ಬರುತ್ತದೆ. ಊರಿನವರು ಸೀನುವುದಿಲ್ಲ, ಅವರ ಗಮನವೆಲ್ಲ ಟೆಂಡರಿನ ಮೇಲೆ. ವರ್ತಕರು ಚೀಲದಿಂದ ಚೀಲಕ್ಕೆ ನಡೆದು, ಕಾಯಿ ಮುರಿದು, ಬಣ್ಣ ನೋಡಿ, ತೇವ ನೋಡಿ, ತಮ್ಮ ದರವನ್ನು ಮತ್ತೊಬ್ಬರಿಗೆ ತಿಳಿಯದಂತೆ ಹಾಕುತ್ತಾರೆ. ಹಿಂದೆ ಅದನ್ನು ಚೀಟಿಯಲ್ಲಿ ಬರೆಯುತ್ತಿದ್ದರು, ಈಗ ಗಣಕಯಂತ್ರದ ಮೂಲಕ ಹಾಕುತ್ತಾರೆ. ಹೆಚ್ಚು ದರ ಹಾಕಿದವನಿಗೆ ಮಾಲು.

ಈ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದು. ಅವರ ಪತ್ನಿ ಕಡ್ಡಿ ಮೆಣಸಿನಕಾಯಿ ಕೊಂಡು, ತುಂಬು ಬಿಡಿಸಿ, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿ ಮಾರುತ್ತಾರೆ. ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು. ಹಾವೇರಿಯಲ್ಲಿ ಬಿ.ಎಸ್ಸಿ. ಓದುತ್ತಿರುವ ಮಗ ಅವ್ವನ ಪುಡಿಗೆ ಅಂತರಜಾಲದಲ್ಲಿ ಒಂದು ತಾಣ ಮಾಡಿದ. ಚಿತ್ರ ಹಾಕಿದ, ಬೆಲೆ ಹಾಕಿದ. ಒಂದು ತಿಂಗಳಾದರೂ ಯಾರೂ ಬರಲಿಲ್ಲ. ಊರ ಹೊರಗಿನ ಓಣಿಯಲ್ಲಿ ಅಂಗಡಿ ತೆರೆದು, ಹಲಗೆ ತೂಗುಹಾಕದೆ ಕೂತಂತಾಯಿತು.

ಆಗ ಗೆಳೆಯನೊಬ್ಬ ಗೂಗಲ್‌ನಲ್ಲಿ ಜಾಹೀರಾತು ಕೊಡಲು ಹೇಳಿದ. ನೋಡಿದರೆ ದುಡ್ಡಿಲ್ಲ, ಒತ್ತಿದರೆ ಮಾತ್ರ ದುಡ್ಡು. ಹುಡುಗನಿಗೆ ಇದು ಬಲು ಅಗ್ಗದ ವ್ಯವಹಾರವಾಗಿ ಕಂಡಿತು. ಅವ್ವ ಅವನ ಪರೀಕ್ಷಾ ಶುಲ್ಕಕ್ಕೆಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ 3,000 ರೂಪಾಯಿ ತೆಗೆದುಕೊಟ್ಟರು.

ಹತ್ತು ದಿನದಲ್ಲಿ ಹಣ ಮುಗಿಯಿತು. ಶೇಕಡಾ 18ರ ತೆರಿಗೆ ಕಳೆದು ಜಾಹೀರಾತಿಗೆ ಉಳಿದದ್ದು 2,542 ರೂಪಾಯಿ. ಕ್ಲಿಕ್ಕಿಗೆ ಸರಾಸರಿ ಆರು ರೂಪಾಯಿಯಂತೆ 423 ಕ್ಲಿಕ್ಕುಗಳು. ಬಂದ ಬೇಡಿಕೆ ಎರಡು. ಅದರಲ್ಲಿ ಒಂದು ಹುಬ್ಬಳ್ಳಿಯ ಸೋದರಮಾವನದು! ಬೇಡಿಕೆಯೊಂದಕ್ಕೆ ಲಾಭ 90 ರೂಪಾಯಿ.

ಅವ್ವ ಏನೂ ಅನ್ನಲಿಲ್ಲ. ಬೈದಿದ್ದರೆ ಹುಡುಗನಿಗೆ ಎಷ್ಟೋ ಹಗುರವಾಗುತ್ತಿತ್ತು.

ರಾತ್ರಿ ಊಟವಾದ ಮೇಲೆ ತಂದೆ ಕೇಳಿದರು: "ರೊಕ್ಕ ಎಲ್ಲಿ ಹೋತೋ ತಮ್ಮಾ?"

"ಮಂದಿ ಬಂದಾರಪ್ಪಾ, ಆದ್ರ ಕೊಂಡಿಲ್ಲ."

"ಬಂದವರು ಯಾರು ಅಂತ ನೋಡಿದೇನು?"

ಅವನು ನೋಡಿರಲಿಲ್ಲ. ಜನ ಯಾವ ಮಾತು ಬರೆದು ಹುಡುಕಿ ಬಂದರು ಎಂಬ ಪಟ್ಟಿ ಜಾಹೀರಾತಿನ ಖಾತೆಯಲ್ಲೇ ಇರುತ್ತದೆ. ತೆರೆದು ಓದುತ್ತ ಹೋದಂತೆ ಇಬ್ಬರಿಗೂ ನಗು ಬಂತು, ಹಿಂದೆಯೇ ಸಂಕಟವೂ ಬಂತು. "ಬ್ಯಾಡಗಿ ಮೆಣಸಿನಕಾಯಿ ಇಂದಿನ ದರ" ಎಂದು ಹುಡುಕಿದವರೇ ಹೆಚ್ಚು. "ಮೆಣಸಿನಕಾಯಿ ಬಜ್ಜಿ ಮಾಡುವ ವಿಧಾನ" ಹುಡುಕಿದವರು ಕೆಲವರು, ಬಿತ್ತನೆ ಬೀಜ ಹುಡುಕಿದವರು ಕೆಲವರು. ಹುಡುಗ ಬರೀ "ಮೆಣಸಿನಕಾಯಿ" ಎಂಬ ಪದವನ್ನು ಕೊಟ್ಟು, ಅದಕ್ಕೆ ಹತ್ತಿರವಾದ ಎಲ್ಲ ಹುಡುಕಾಟಕ್ಕೂ ಜಾಹೀರಾತು ತೋರಿಸಲು ಒಪ್ಪಿಗೆ ಕೊಟ್ಟಿದ್ದ.

"ರೈತ ದರ ಕೇಳಾಕ ಬಂದ. ನೀ ಅವಗ ಪುಡಿ ತೋರಿಸಿದಿ. ಅವ ನೋಡಿ ಹೋದದ್ದಕ್ಕ ನೀ ರೊಕ್ಕ ಕೊಟ್ಟಿ," ಎಂದರು ತಂದೆ.

ದರ ಈ ಊರಿನಲ್ಲಿ ಹುಡುಗಾಟದ ಮಾತಲ್ಲ. 2024ರ ಮಾರ್ಚ್ 11ರಂದು ದರ ದಿಢೀರನೆ ಕುಸಿದಾಗ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ದರ ಹುಡುಕುವವನಿಗೆ ದರವೇ ಬೇಕು. ಅವನ ಕೈಯಲ್ಲಿ ಚೀಲಗಟ್ಟಲೆ ಕಾಯಿ ಇರುವಾಗ ಅರ್ಧ ಕಿಲೋ ಪುಡಿ ಯಾಕೆ ಕೊಂಡಾನು?

ಈ ಕ್ಲಿಕ್ಕಿನ ವ್ಯಾಪಾರವೂ ಒಂದು ಟೆಂಡರೇ ಎಂಬುದು ತಂದೆಗೆ ಬೇಗ ಹೊಳೆಯಿತು. ಇಲ್ಲಿ ಹರಾಜಾಗುವುದು ಮಾಲಲ್ಲ, ಪದ. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬುವವರ ಗೋಟು.ಕಾಮ್ ಸಂಸ್ಥೆ ಇದನ್ನು ಬಳಕೆಗೆ ತಂದಿತು. ಅಲ್ಲಿ ಹೆಚ್ಚು ದುಡ್ಡು ಕೂಗಿದವನ ಹೆಸರು ಮೇಲೆ. 2000ದಲ್ಲಿ ಜಾಹೀರಾತು ಸೇವೆ ಆರಂಭಿಸಿದ ಗೂಗಲ್, 2002ರಲ್ಲಿ ಕ್ಲಿಕ್ಕಿನ ಲೆಕ್ಕಕ್ಕೆ ಬಂದಾಗ ಒಂದು ತಿದ್ದುಪಡಿ ಮಾಡಿತು: ಕೂಗಿದ ದರದ ಜೊತೆಗೆ ಜಾಹೀರಾತು ಜನರಿಗೆ ಎಷ್ಟು ಉಪಯುಕ್ತ ಎಂಬುದನ್ನೂ ಗುಣಿಸಿತು.

ವಿದ್ಯಾರ್ಥಿಗಳು ಕಾಗದದ ಮೇಲೆ ಈ ಲೆಕ್ಕ ಮಾಡಿ ನೋಡಬಹುದು. ದೊಡ್ಡ ಕಂಪನಿಯೊಂದು 20 ರೂಪಾಯಿ ಕೂಗಿತು, ಅದರ ಗುಣಾಂಕ 3, ಗುಣಲಬ್ಧ 60. ಸಣ್ಣ ಅಂಗಡಿ 10 ರೂಪಾಯಿ ಕೂಗಿತು, ಗುಣಾಂಕ 8, ಗುಣಲಬ್ಧ 80. ಮೇಲಿನ ಜಾಗ ಸಣ್ಣ ಅಂಗಡಿಗೆ! ಅದು ಕೊಡಬೇಕಾದದ್ದು ಕೂಗಿದ ಹತ್ತನ್ನೂ ಅಲ್ಲ. ಎರಡನೆಯವನನ್ನು ದಾಟಲು ಬೇಕಾದಷ್ಟು ಮಾತ್ರ. 60ನ್ನು 8ರಿಂದ ಭಾಗಿಸಿದರೆ ಏಳೂವರೆ ರೂಪಾಯಿ, ಅದರ ಮೇಲೊಂದು ಚೂರು. ಇಂದಿನ ಲೆಕ್ಕದಲ್ಲಿ ಇನ್ನೂ ಹಲವು ಅಂಶಗಳು ಸೇರಿವೆ, ಆದರೆ ಬೇರು ಇದೇ. ಗೆದ್ದವನು ಎರಡನೆಯವನ ದರ ಕೊಡುವ ಹರಾಜಿನ ಗುಣವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ವಿವರಿಸಿದ್ದರು. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅದಾಗಿ ಮೂರೇ ದಿನದಲ್ಲಿ ತೀರಿಕೊಂಡರು.

ಎರಡನೆಯ ಸಲ ಹುಡುಗ ಅವ್ವನ ಡಬ್ಬಿಗೆ ಕೈ ಹಾಕಲಿಲ್ಲ. ರಜೆಯಲ್ಲಿ ದುಡಿದ ಸಾವಿರ ರೂಪಾಯಿ ತೊಡಗಿಸಿದ. ಪ್ರಯೋಗಶಾಲೆಯಲ್ಲಿ ಮಾಡುವಂತೆ ನೋಟುಬುಕ್ಕಿನಲ್ಲಿ ಬರೆದುಕೊಂಡೇ ಶುರುಮಾಡಿದ. "ಬ್ಯಾಡಗಿ ಕಡ್ಡಿ ಮೆಣಸಿನಪುಡಿ" ಎಂಬಂಥ, ಕೊಳ್ಳುವವರೇ ಬರೆಯುವ ಮಾತುಗಳನ್ನು ಮಾತ್ರ ಆರಿಸಿದ. ದರ, ಬೀಜ, ಬಜ್ಜಿ, ವಿಧಾನ ಇವನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿದ. ಮೊದಲ ಸಲ ಗಮನಿಸದೆ ಬಿಟ್ಟಿದ್ದ ಇನ್ನೊಂದು ಆಯ್ಕೆಯನ್ನೂ ಬದಲಿಸಿದ: ಕರ್ನಾಟಕವನ್ನು ಆರಿಸಿದರೂ, ಕರ್ನಾಟಕದ ಬಗ್ಗೆ ಆಸಕ್ತಿ ಇರುವ ಹೊರಗಿನವರಿಗೂ ಜಾಹೀರಾತು ಕಾಣುವಂತೆ ಅದು ತಾನಾಗಿಯೇ ಇರುತ್ತದೆ. ಅದನ್ನು ಇಲ್ಲಿ ಇರುವವರಿಗೆ ಮಾತ್ರ ಎಂದು ಮಾಡಿದ. ಜಾಹೀರಾತು ಒತ್ತಿದವರು ನೇರವಾಗಿ ಪುಡಿಯ ಪುಟಕ್ಕೇ ಬರುವಂತೆ ಮಾಡಿದ. ಬೆಲೆಯನ್ನು ಜಾಹೀರಾತಿನಲ್ಲೇ ಬರೆದ. ಬೆಲೆ ಹೆಚ್ಚೆನಿಸಿದವನು ಒತ್ತುವುದೇ ಇಲ್ಲ. ಅದೂ ಉಳಿತಾಯವೇ.

ಈ ಸಲ ಒಂದು ಕ್ಲಿಕ್ಕು 11 ರೂಪಾಯಿಗೆ ಬಿತ್ತು, ತೆರಿಗೆ ಸೇರಿ 13. ಬಂದವರು 77 ಜನ, ಕೊಂಡವರು ಎಂಟು. ಲಾಭ 720. ಸಾವಿರಕ್ಕೆ ಹಿಡಿದರೆ ಇನ್ನೂ 280 ನಷ್ಟ. 720ನ್ನು 77ರಿಂದ ಭಾಗಿಸಿ, ತೆರಿಗೆಯೂ ಸೇರಿ ಒಂದು ಕ್ಲಿಕ್ಕಿಗೆ ಒಂಬತ್ತು ರೂಪಾಯಿ ಮೀರಿದರೆ ತನಗೆ ಗಿಟ್ಟುವುದಿಲ್ಲ ಎಂದು ಹುಡುಗ ಕಂಡುಕೊಂಡ. ಯಾವ ಟೆಂಡರಿಗೂ ಮೊದಲು ವರ್ತಕನ ತಲೆಯಲ್ಲಿ ಇರಬೇಕಾದ ಅಂಕಿ ಅದು.

ಎರಡು ತಿಂಗಳ ಮೇಲೆ ಆ ಎಂಟು ಜನರಲ್ಲಿ ಮೂವರು ಜಾಹೀರಾತಿನ ಹಂಗಿಲ್ಲದೆ ಮತ್ತೆ ಪುಡಿ ತರಿಸಿಕೊಂಡರು. ಬಂದ ಲಾಭ 270. ಅಲ್ಲಿಗೆ ಉಳಿದ ನಷ್ಟ ಹತ್ತು ರೂಪಾಯಿ. ಮರಳಿ ಬರುವ ಗಿರಾಕಿಯನ್ನು ತಂದುಕೊಡುವುದು ಪುಡಿಯ ರುಚಿ. ಜಾಹೀರಾತು ಒಮ್ಮೆ ಬಾಗಿಲು ತೋರಿಸಬಲ್ಲದು, ಅಷ್ಟೆ.

ಮಕ್ಕಳು ಗಣಕಯಂತ್ರದ ಮುಂದೆ ಕೂತು ಮಾಡುವ ಕೆಲಸ ತಮಗೆ ತಿಳಿಯದೆಂದು ಪಾಲಕರು ದೂರ ಸರಿಯಬೇಕಿಲ್ಲ. ಗುಮಾಸ್ತರಿಗೆ ಅಂತರಜಾಲ ಗೊತ್ತಿರಲಿಲ್ಲ, ಪೇಟೆ ಗೊತ್ತಿತ್ತು. ಬಂದವರು ಯಾರು ಎಂದು ಕೇಳಿದರು. ಹುಡುಗನಿಗೆ ಬೇಕಾಗಿದ್ದ ಪ್ರಶ್ನೆ ಅದೊಂದೇ.

ಅವ್ವನ ಡಬ್ಬಿಗೆ 3,000 ರೂಪಾಯಿ ಇನ್ನೂ ಪೂರ್ತಿ ಮರಳಿಲ್ಲ. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಹುಡುಗ ಅದನ್ನು ಸಾಲವೆಂದೇ ಬರೆದಿಟ್ಟಿದ್ದಾನೆ.