ಲೆಕ್ಕಕ್ಕೆ ಬಾರದ ಒಂದು ರನ್



ಕಳೆದ ವಾರ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ ಗೆದ್ದಲು ಹಿಡಿದಿದೆಯೇ ಎಂದು ನೋಡುತ್ತಿದ್ದಾಗ, ಹಳೆಯ ಪಂಚಾಂಗಗಳ ಅಡಿಯಲ್ಲಿ ಉದ್ದನೆಯ ಹಸಿರು ರಟ್ಟಿನ ಪುಸ್ತಕವೊಂದು ಸಿಕ್ಕಿತು. ಅದು ನಮ್ಮ ಸಾಗರದ ಕ್ರಿಕೆಟ್ ತಂಡದ ಸ್ಕೋರ್ ಪುಸ್ತಕ. ಅದರ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ ಬರೆದ, ಸಾಸಿವೆ ಕಾಳಿನಷ್ಟು ದೊಡ್ಡದಾದ ಒಂದು ತಲೆಕೆಳಗಾದ ತ್ರಿಕೋನವಿದೆ. ಗಣಿತದ ಮೇಷ್ಟರಾಗಿ ನಾನು ಕಪ್ಪುಹಲಗೆಯ ಮೇಲೆ ಬರೆದ ತ್ರಿಕೋನಗಳಿಗೆ ಲೆಕ್ಕವಿಲ್ಲ. ಆದರೆ ಬದುಕಿನಲ್ಲಿ ನನಗೆ ಪಾಠ ಹೇಳಿದ್ದು ಇದೊಂದೇ ತ್ರಿಕೋನ. ಅದರ ಕಥೆಯನ್ನು ನಿಮಗೆ ಹೇಳಬೇಕೆನ್ನಿಸಿತು.

ಅದು 1987ರ ಮೇ ತಿಂಗಳು. ಆಗ ನಮ್ಮ ಜಿಲ್ಲೆಯ ಹುಡುಗರಿಗೆ ಕ್ರಿಕೆಟ್ಟಿನ ಹುಚ್ಚು ಹತ್ತಿದ್ದಕ್ಕೆ ಕಾರಣಗಳಿದ್ದವು. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ. 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡವು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಮುಂಬಯಿಯ ಹದಿನೈದು ವರ್ಷಗಳ ಏಕಚಕ್ರಾಧಿಪತ್ಯವನ್ನು ಮುರಿದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದದ್ದನ್ನು ನಾವು ಆಕಾಶವಾಣಿಗೆ ಕಿವಿಗೊಟ್ಟು ಕೇಳಿದವರು. ಆಮೇಲೆ 1983ರ ವಿಶ್ವಕಪ್ ಬಂದಿತು. ಅಡಿಕೆ ಮಂಡಿಯ ಗುಮಾಸ್ತರಿಂದ ಹಿಡಿದು ಸೈಕಲ್ ಅಂಗಡಿಯ ಹುಡುಗನವರೆಗೆ ಎಲ್ಲರೂ ದಾಂಡಿಗರಾದರು.

ನಮ್ಮ ತಂಡದಲ್ಲಿ ಯಾರೂ ದೊಡ್ಡ ಆಟಗಾರರಲ್ಲ. ನಾಯಕ ಪೇಟೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿದ್ದ ಇಪ್ಪತ್ತೈದರ ತರುಣ, ನನ್ನ ಹಳೆಯ ವಿದ್ಯಾರ್ಥಿ. ವಿಕೆಟ್ ಕೀಪರ್ ನಮ್ಮೂರಿನ ಅಂಚೆಪೇದೆ. ಎಲ್ಲರಿಗೂ ಅವರು ಪೋಸ್ಟಣ್ಣ. ನಲವತ್ತೆರಡು ದಾಟಿದ್ದ ಅವರಿಗೆ ಅದೇ ಕೊನೆಯ ಋತುವೆಂದು ಮೊದಲೇ ಹೇಳಿಬಿಟ್ಟಿದ್ದರು. ಇಪ್ಪತ್ತು ವರ್ಷ ಆಡಿಯೂ ಒಂದು ಫಲಕವನ್ನು ಕೈಯಲ್ಲಿ ಹಿಡಿದವರಲ್ಲ. ನನಗೆ ಆಡಲು ಬಾರದು. ಆದ್ದರಿಂದ ಸ್ಕೋರು ಬರೆಯುವುದು ನನ್ನ ಪಾಲಿಗೆ ಬಂದಿತ್ತು. "ಮೇಷ್ಟ್ರ ಲೆಕ್ಕ" ಎಂದರೆ ಅಂಪೈರನ ಮಾತಿಗಿಂತ ಒಂದು ತೂಕ ಹೆಚ್ಚು ಎಂಬ ಭಾವನೆ ಮೈದಾನದಲ್ಲಿತ್ತು. ನನಗೂ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮಲೆನಾಡಿನಲ್ಲಿ ಕ್ರಿಕೆಟ್ ಋತುವೆಂದರೆ ಮಳೆ ನಿಂತ ಮೇಲೆ ಶುರುವಾಗಿ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಕೆಮ್ಮಣ್ಣಿನ ನೆಲಕ್ಕೆ ನೀರು ಹೊಡೆದು, ರೋಲರ್ ಎಳೆದು, ಅದರ ಮೇಲೆ ತೆಂಗಿನ ನಾರಿನ ಚಾಪೆಯನ್ನು ನಾಲ್ಕಾರು ಜನ ಎಳೆದು ಹಿಡಿದು ಮೊಳೆ ಬಡಿಯುತ್ತಿದ್ದೆವು. ಆ ವರ್ಷ ಆರು ಊರುಗಳ ತಂಡಗಳು ಸೇರಿ ನಡೆಸಿದ ಪಂದ್ಯಾವಳಿಯಲ್ಲಿ ಗೆದ್ದವರಿಗೆ ಎರಡು ಅಂಕ, ಪಂದ್ಯ ಸಮವಾದರೆ ಅಥವಾ ಮಳೆಗೆ ನಿಂತರೆ ತಲಾ ಒಂದು. ಕೊನೆಯ ಪಂದ್ಯದ ಹೊತ್ತಿಗೆ ತೀರ್ಥಹಳ್ಳಿಯವರಿಗೆ ನಾಲ್ಕಕ್ಕೆ ನಾಲ್ಕೂ ಗೆದ್ದು ಎಂಟು ಅಂಕ. ಮೂರು ಗೆದ್ದು ಒಂದನ್ನು ಮಳೆಗೆ ಕಳೆದುಕೊಂಡ ನಮಗೆ ಏಳು. ಉಳಿದದ್ದು ನಮ್ಮಿಬ್ಬರ ನಡುವಿನ ಪಂದ್ಯವೊಂದೇ. ಗೆದ್ದರೆ ಫಲಕ ನಮ್ಮದು. ಸೋತರೂ ಸಮವಾದರೂ ಅವರದು.

ಆ ಭಾನುವಾರ ನಾವು ಮೊದಲು ಆಡಿ 142 ರನ್ ಮಾಡಿದೆವು. ಮೂವತ್ತೈದು ಓವರುಗಳ ಪಂದ್ಯಕ್ಕೆ ಅದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಆಕಾಶ ಕಪ್ಪಿಡತೊಡಗಿತು. ಪಂದ್ಯಾವಳಿಯವರು ಗೊತ್ತುಮಾಡಿದ್ದ ಇಬ್ಬರು ಅಂಪೈರುಗಳಲ್ಲಿ ಒಬ್ಬರು ಅರ್ಧಕ್ಕೆ ಹೊರಡಬೇಕಾಗಿ ಬಂದುದರಿಂದ, ಆಡುತ್ತಿರುವ ತಂಡದಿಂದಲೇ ಒಬ್ಬರು ಲೆಗ್ ಅಂಪೈರಾಗಿ ನಿಲ್ಲುವುದೆಂದಾಯಿತು. ನನ್ನ ಪಕ್ಕದಲ್ಲಿ ಕುಳಿತು ತಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದ ತೀರ್ಥಹಳ್ಳಿಯ ಹುಡುಗ ಎದ್ದು ಅಲ್ಲಿಗೆ ಹೋದ. "ಉಳಿದದ್ದನ್ನು ಆಮೇಲೆ ನಿಮ್ಮದನ್ನು ನೋಡಿ ಬರೆದುಕೊಳ್ಳುತ್ತೇನೆ ಸಾರ್" ಎಂದ. ಅಲ್ಲಿಂದ ಮುಂದೆ ಮೈದಾನದಲ್ಲಿ ಲೆಕ್ಕವೆಂದರೆ ನನ್ನ ಲೆಕ್ಕವೊಂದೇ.

ಇಪ್ಪತ್ತೊಂಬತ್ತನೆಯ ಓವರಿನಲ್ಲಿ ಹನಿ ಶುರುವಾಯಿತು. ಒಬ್ಬ ಹುಡುಗ ನನ್ನ ತಲೆಯ ಮೇಲೆ ಕೊಡೆ ಹಿಡಿದ. ಚೆಂಡು ದಾಂಡಿಗನ ಪ್ಯಾಡಿಗೆ ತಗುಲಿ ಹೊರಳಿತು, ಅವರು ಒಂದು ರನ್ ಓಡಿದರು, ಅಂಪೈರು ಮೊಣಕಾಲೆತ್ತಿ ತಟ್ಟಿ ತೋರಿಸಿದರು. ಲೆಗ್ ಬೈ. ಬೌಲರನ ಚೌಕದಲ್ಲಿ ತಲೆಕೆಳಗಾದ ತ್ರಿಕೋನ ಹಾಕಿದೆ. ಅದಾದ ಮೇಲೆ ಇತರೆ ರನ್ನುಗಳ ಸಾಲಿನಲ್ಲಿ ಒಂದು ಬರೆದು, ಒಟ್ಟು ಸಂಖ್ಯೆಯಲ್ಲಿ ಒಂದನ್ನು ಹೊಡೆದುಹಾಕಬೇಕು. ಅಷ್ಟರಲ್ಲಿ ಗಾಳಿಗೆ ಕೊಡೆ ಮಗುಚಿಕೊಂಡಿತು, ಪುಸ್ತಕದ ಮೇಲೆ ನೀರು ಬಿದ್ದಿತು, ನಾನು ಪಂಚೆಯ ಸೆರಗಿನಿಂದ ಒರೆಸತೊಡಗಿದೆ. ತಗಡಿನ ಅಂಕಿಗಳನ್ನು ನೇತುಹಾಕುವ ಹುಡುಗ "ಸಾರ್, ಎಷ್ಟು?" ಎಂದು ಕೂಗಿದ. ಪುಸ್ತಕ ನೋಡಿ "ನೂರ ಎಂಟು" ಎಂದೆ.

ಕೊನೆಯ ಓವರಿನ ಕೊನೆಯ ಎಸೆತ. ಹಲಗೆಯ ಮೇಲೆ ಒಂಬತ್ತು ವಿಕೆಟ್ಟಿಗೆ 140. ಗೆಲ್ಲಲು ಮೂರು, ಸಮಕ್ಕೆ ಎರಡು. ಕ್ರೀಸಿನಲ್ಲಿದ್ದವನು ಕಾಲೇಜಿಗೆ ಹೋಗುವ ಒಬ್ಬ ಸಣಕಲು ಹುಡುಗ. ಅವನು ಕಣ್ಣುಮುಚ್ಚಿ ಬೀಸಿದ. ಚೆಂಡು ಮಿಡ್ ವಿಕೆಟ್ಟಿನ ಬೇಲಿಯತ್ತ ಹೋಯಿತು. ಒಂದು ರನ್ ಪೂರೈಸಿ ಎರಡನೆಯದಕ್ಕೆ ತಿರುಗಿದ. ಚೆಂಡು ನೇರವಾಗಿ ಪೋಸ್ಟಣ್ಣನ ಕೈಗೆ ಬಂದಿತು. ಬೇಲ್ಸ್ ಹಾರಿದಾಗ ಹುಡುಗನ ಬ್ಯಾಟು ಗೆರೆಯಿಂದ ಒಂದು ಗೇಣು ಹೊರಗಿತ್ತು. ಅವನು ಚಾಪೆಯ ಮೇಲೆಯೇ ಮುಖವಿಟ್ಟು ಮಲಗಿಬಿಟ್ಟ. ನಮ್ಮವರು ಪೋಸ್ಟಣ್ಣನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಒಂದು ರನ್ನಿನ ಗೆಲುವು! ಅಂಪೈರು ಪುಸ್ತಕಕ್ಕೆ ಸಹಿ ಹಾಕಿದರು. ನಮ್ಮೂರಿನ ಗುಡಿಗಾರರೊಬ್ಬರು ಕೆತ್ತಿಕೊಟ್ಟಿದ್ದ ಮರದ ಫಲಕವನ್ನು ಆ ರಾತ್ರಿ ಪೋಸ್ಟಣ್ಣ ಎದೆಗವಚಿಕೊಂಡು ಮನೆಗೆ ಒಯ್ದರು.

ರಾತ್ರಿ ಊಟವಾದ ಮೇಲೆ, ಕರೆಂಟು ಹೋಗಿದ್ದುದರಿಂದ ಲಾಟೀನಿನ ಬೆಳಕಿನಲ್ಲಿ, ನೆನೆದ ಪುಟವನ್ನು ಶುದ್ಧಪ್ರತಿ ಮಾಡಲು ಕುಳಿತೆ. ಸ್ಕೋರ್ ಪುಸ್ತಕಕ್ಕೆ ಎರಡು ಕಡೆಯ ಲೆಕ್ಕವಿರುತ್ತದೆ. ದಾಂಡಿಗರ ರನ್ನುಗಳಿಗೆ ಇತರೆ ರನ್ನುಗಳನ್ನು ಸೇರಿಸಿದರೆ ಬರುವ ಮೊತ್ತವೂ, ಎಸೆತಗಾರರ ಚೌಕಗಳನ್ನು ಓವರಿನಿಂದ ಓವರಿಗೆ ಕೂಡಿದರೆ ಬರುವ ಮೊತ್ತವೂ ಒಂದೇ ಆಗಬೇಕು. ವ್ಯಾಪಾರಿಯ ಖಾತೆಯ ಜಮಾ–ಖರ್ಚು ಇದ್ದಂತೆ. ದಾಂಡಿಗರ ಕಡೆಯಿಂದ ಕೂಡಿದೆ, 141. ಎಸೆತಗಾರರ ಕಡೆಯಿಂದ ಕೂಡಿದೆ, 142. ಮತ್ತೆ ಕೂಡಿದೆ. ಮೂರನೆಯ ಸಲ ಬೆರಳಿಟ್ಟು ಒಂದೊಂದೇ ಚೌಕ ಎಣಿಸಿದೆ. ಇಪ್ಪತ್ತೊಂಬತ್ತನೆಯ ಓವರಿನಲ್ಲಿ ಬೆರಳು ನಿಂತಿತು. ನೀರು ತಾಗಿ ಮಸುಕಾದ ಆ ತ್ರಿಕೋನ ಅಲ್ಲಿತ್ತು. ಇತರೆ ರನ್ನುಗಳ ಸಾಲಿನಲ್ಲಿ ಅದರ ಜೋಡಿ ಇರಲಿಲ್ಲ.

ಪಂದ್ಯ ಸಮವಾಗಿತ್ತು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಮದರಾಸಿನಲ್ಲಿ ಭಾರತ–ಆಸ್ಟ್ರೇಲಿಯಾ ಟೆಸ್ಟ್ ಟೈ ಆಗಿದ್ದನ್ನು ನಾವು ತಿಂಗಳುಗಟ್ಟಲೆ ಮಾತಾಡಿಕೊಂಡಿದ್ದೆವು. ನಮ್ಮ ಕಣ್ಣೆದುರಿಗೇ ಆದ ಟೈ ಯಾರಿಗೂ ತಿಳಿಯಲಿಲ್ಲ. ಫಲಕ ತೀರ್ಥಹಳ್ಳಿಯದು. ಅದಕ್ಕಿಂತಲೂ ಕಷ್ಟದ ಮಾತೆಂದರೆ, ಕೊನೆಯ ಎಸೆತಕ್ಕೆ ಆ ಹುಡುಗನಿಗೆ ನಿಜವಾಗಿ ಬೇಕಾಗಿದ್ದುದು ಮೂರಲ್ಲ, ಎರಡು. ಅದು ಗೊತ್ತಿದ್ದರೆ ಅವನು ಕಣ್ಣುಮುಚ್ಚಿ ಬೀಸುತ್ತಿದ್ದನೇ, ಜಾಗ ನೋಡಿ ತಳ್ಳುತ್ತಿದ್ದನೇ? ನನ್ನ ತಪ್ಪು ಆಟವನ್ನು ಬರೆಯುವುದರಲ್ಲಿ ಮಾತ್ರವಲ್ಲ, ಆಟದ ಒಳಗೂ ಹೊಕ್ಕಿತ್ತು.

ಸುಳ್ಳು ಹೇಳಲಾರೆ. ಆ ತ್ರಿಕೋನವನ್ನು ರಬ್ಬರಿನಿಂದ ಒರೆಸಿದರೆ ಎರಡೂ ಕಡೆ 141 ಆಗುತ್ತದೆಂಬುದು ನನಗೆ ಹೊಳೆಯಿತು. ರಬ್ಬರು ಮೇಜಿನ ಮೇಲೆಯೇ ಇತ್ತು. ಪೋಸ್ಟಣ್ಣನ ಮುಖ ಕಣ್ಣ ಮುಂದೆ ಬಂದಿತು. ಲಾಟೀನಿನ ಎಣ್ಣೆ ಮುಗಿಯುವವರೆಗೂ ಹಾಗೆಯೇ ಕುಳಿತಿದ್ದೆ.

ಬೆಳಿಗ್ಗೆ ಹೊಲಿಗೆಯಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಾಯಕನ ಮುಂದೆ ಪುಸ್ತಕ ಬಿಚ್ಚಿಟ್ಟೆ. ಅವನು ಬಹಳ ಹೊತ್ತು ನೋಡಿದ. "ಇದನ್ನು ಯಾರು ನೋಡುತ್ತಾರೆ, ಮೇಷ್ಟ್ರೇ?" ಎಂದ. ನಾನು ಮಾತಾಡಲಿಲ್ಲ. ಆಮೇಲೆ ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಹೇಳಿದ: "ಒಂಬತ್ತನೇ ಕ್ಲಾಸಿನಲ್ಲಿ ನೀವು ನನಗೆ ಗಣಿತಕ್ಕೆ ಮೂವತ್ತನಾಲ್ಕು ಕೊಟ್ಟಿರಿ. ಮೂವತ್ತೈದಾಗಿದ್ದರೆ ಪಾಸು. ಅಪ್ಪ ಬಂದು ಕೈಮುಗಿದು ಕೇಳಿದರು. ಇಲ್ಲದ ಅಂಕವನ್ನು ಕೊಡಲು ಬರುವುದಿಲ್ಲ ಅಂದಿರಿ. ಆ ವರ್ಷವೇ ನಾನು ಮೆಷಿನ್ ತುಳಿಯಲು ಕೂತೆ. ಅವತ್ತು ಒಂದನ್ನು ಕೊಡದ ನೀವು ಇವತ್ತು ಒಂದನ್ನು ನುಂಗಲು ಆಗುತ್ತದೆಯೇ? ನಡೆಯಿರಿ, ಹೋಗಿ ಹೇಳಿ ಬರೋಣ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. 1977ರ ಆ ಉತ್ತರಪತ್ರಿಕೆಯನ್ನು ನಾನು ಎಷ್ಟು ಸಲ ಕೂಡಿದ್ದೆ? ಒಂದೇ ಸಲ. ಇಂಥದೇ ಒಂದು ರಾತ್ರಿ, ಇಂಥದೇ ಲಾಟೀನಿನ ಮುಂದೆ, ಕಟ್ಟುಗಟ್ಟಲೆ ಪತ್ರಿಕೆಗಳ ನಡುವೆ. ಅಲ್ಲಿಯೂ ಒಂದು ತ್ರಿಕೋನ ತಪ್ಪಿಹೋಗಿರಲಿಲ್ಲವೆಂದು ನಾನು ಹೇಗೆ ಹೇಳಲಿ? ಆ ಪತ್ರಿಕೆಗಳು ಎಂದೋ ರದ್ದಿಗೆ ಹೋಗಿದ್ದವು.

ನಾವಿಬ್ಬರೂ ಹೊಸನಗರದ ಮೇಲೆ ಹೋಗುವ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಮಾತಿರಲಿಲ್ಲ. ಅವರ ನಾಯಕರು ಸಾವಧಾನವಾಗಿ ಪುಸ್ತಕವನ್ನು ನೋಡಿ, ತಾವೂ ಕೂಡಿ, "ನಿಯಮದ ಪ್ರಕಾರ ಅಂಪೈರು ಒಪ್ಪಿಕೊಂಡ ಮೇಲೆ ಫಲಿತಾಂಶ ಬದಲಾಗುವುದಿಲ್ಲ ಮೇಷ್ಟ್ರೇ. ಆದರೂ ಬಂದಿರಲ್ಲ" ಎಂದು, ಕೊನೆಯ ಎಸೆತ ಎದುರಿಸಿದ ಹುಡುಗನಿಗೆ ಹೇಳಿ ಕಳಿಸಿದರು. ಅವನು ಬಂದು ನಿಂತ. ಹಿಂದಿನ ಸಂಜೆ ಬಸ್ಸಿನಲ್ಲಿ ಅವನನ್ನು ಎಲ್ಲರೂ ಬೈದಿದ್ದರಂತೆ. ನಾನು ವಿಷಯ ಹೇಳಿ ಕ್ಷಮೆ ಕೇಳಿದೆ. ಅವನು ಸಂತೋಷಪಡಬಹುದೆಂದುಕೊಂಡಿದ್ದೆ. ಅವನು ತ್ರಿಕೋನದ ಮೇಲೆ ಬೆರಳಾಡಿಸಿ, "ಹಾಗಾದರೆ ಆ ಎರಡನೇ ರನ್ ಆಗಿದ್ದರೆ ಗೆದ್ದೇಬಿಡುತ್ತಿದ್ದೆವಾ ಸಾರ್?" ಎಂದಷ್ಟೇ ಕೇಳಿದ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಸತ್ಯವನ್ನು ಹೇಳಿದ ಮಾತ್ರಕ್ಕೆ ಕೇಳಿದವರ ನೋವು ಇಳಿದೇ ಇಳಿಯುತ್ತದೆಂಬ ನನ್ನ ನಂಬಿಕೆ ಆ ದಿನ ಹೋಯಿತು.

ಇನ್ನು ಪೋಸ್ಟಣ್ಣನಿಗೆ ಹೇಳುವುದೊಂದು ಉಳಿದಿತ್ತು. ಕೇಳಿ ಅವರು ಒಳಗೆ ಹೋಗಿ, ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದ ಫಲಕವನ್ನು ತಂದು, ಹಳೆಯ ಟವೆಲ್ಲಿನಲ್ಲಿ ಸುತ್ತಿದರು. "ನಾನೇ ಕೊಟ್ಟು ಬರುತ್ತೇನೆ. ತಪ್ಪು ವಿಳಾಸಕ್ಕೆ ಬಂದದ್ದನ್ನು ಸರಿಯಾದ ಮನೆಗೆ ಮುಟ್ಟಿಸುವುದೇ ಅಲ್ಲವೇ ನನ್ನ ಕೆಲಸ" ಎಂದರು. ನಗುತ್ತಲೇ ಹೇಳಿದರು, ಆದರೆ ನನ್ನ ಕಡೆ ನೋಡಲಿಲ್ಲ. ಮುಂದಿನ ಭಾನುವಾರ ಫಲಕ ತೀರ್ಥಹಳ್ಳಿಗೆ ಹೋಯಿತು. ಪಂದ್ಯಾವಳಿಯ ದಾಖಲೆಯಲ್ಲಿ ಮಾತ್ರ ಗೆದ್ದವರು ನಾವೇ. ಪೋಸ್ಟಣ್ಣ ಈಗಿಲ್ಲ. ಕೊನೆಯವರೆಗೂ ನನ್ನ ಮನೆಗೆ ಕಾಗದ ತಂದಾಗಲೆಲ್ಲ ಕಾಫಿ ಕುಡಿದೇ ಹೋಗುತ್ತಿದ್ದರು. ಆ ಪಂದ್ಯದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್ಲನ್ನು ಮೊಮ್ಮಗನೊಂದಿಗೆ ಟಿ.ವಿ.ಯಲ್ಲಿ ನೋಡುತ್ತಿದ್ದೆ. ಕೊನೆಯ ಓವರಿನಲ್ಲಿ ಫೀಲ್ಡರನ ಎಸೆತ ಸ್ಟೋಕ್ಸ್‌ರ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋದಾಗ ಇಂಗ್ಲೆಂಡಿಗೆ ಆರು ರನ್ ಕೊಟ್ಟರು. ನಿಯಮದಂತೆ ಐದೇ ಆಗಬೇಕಿತ್ತೆಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಹೇಳಿದರು. ಎರಡೂ ತಂಡಗಳದು 241. ಸೂಪರ್ ಓವರಿನಲ್ಲೂ ತಲಾ 15. ಕೊನೆಗೆ 26ಕ್ಕೆ 17ರ ಬೌಂಡರಿಗಳ ಲೆಕ್ಕದಲ್ಲಿ ನ್ಯೂಜಿಲೆಂಡ್ ಕಪ್ಪನ್ನು ಕಳೆದುಕೊಂಡಿತು. ಅಂಪೈರ್ ಕುಮಾರ ಧರ್ಮಸೇನ ತಮ್ಮಿಂದ ತಪ್ಪಾಯಿತೆಂದು ಆಮೇಲೆ ಒಪ್ಪಿಕೊಂಡರು. ಮೊಮ್ಮಗ ಅವರನ್ನು ಬೈಯುತ್ತಿದ್ದ. ನಾನು ಮಾತ್ರ ಸುಮ್ಮನಿದ್ದೆ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಒಂದನ್ನು ತಪ್ಪಿ ಎಣಿಸುವುದೆಂದರೇನೆಂದು ನನಗೆ ಗೊತ್ತು.

ನನ್ನ ವಿದ್ಯಾರ್ಥಿಗಳಾದ ನಿಮಗೆ ಒಂದು ನೆನಪಿರಬಹುದು. 1987ರ ನಂತರ ನಾನು ಉತ್ತರಪತ್ರಿಕೆಗಳನ್ನು ಎಲ್ಲರಿಗಿಂತ ತಡವಾಗಿ ಕೊಡುತ್ತಿದ್ದೆ. ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ಕೂಡಿ, ಆಮೇಲೆ ನಿಮ್ಮ ಕೈಗೇ ಕೊಟ್ಟು "ನೀವೂ ಕೂಡಿ ನೋಡಿ" ಎನ್ನುತ್ತಿದ್ದೆ. ಮೇಷ್ಟರಿಗೆ ಅನುಮಾನದ ಕಾಯಿಲೆ ಎಂದು ನೀವು ಹಿಂದಿನಿಂದ ನಗುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಅದು ಯಾಕೆಂದು ಈಗ ತಿಳಿಯಿತಲ್ಲ.

ಪುಸ್ತಕವನ್ನು ಬಿಸಿಲಿಗಿಟ್ಟು ಮತ್ತೆ ಟ್ರಂಕಿಗೆ ಸೇರಿಸಿದ್ದೇನೆ. ತ್ರಿಕೋನವನ್ನು ತಿದ್ದಿಲ್ಲ. 1987ಕ್ಕಿಂತ ಹಿಂದೆ ನನ್ನ ಕೈಯಲ್ಲಿ ಒಂದು ಅಂಕಕ್ಕೆ ಕುಳಿತವರು ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಎರಡು ಸಾಲು ಬರೆಯಿರಿ. ಅಂಕವನ್ನು ಈಗ ಕೊಡಲಾರೆ. ಒಂದೇ ಸಲ ಕೂಡಿದ್ದೆನೆಂದು ಒಪ್ಪಿಕೊಳ್ಳಬಲ್ಲೆ.