ಕೇಳಿಸಿಕೊಂಡವಳು

ದೊಡ್ಡವರ ದೊಡ್ಡ ಮಾತುಗಳಿಗಿಂತ ಅವರ ಜಮಾಖರ್ಚಿನ ಪುಸ್ತಕದ ಮೇಲೆ ನನಗೆ ಮೋಹ ಹೆಚ್ಚು. ಈ ವಿಷಯದಲ್ಲಿ ಥಾಮಸ್ ಜೆಫರ್ಸನ್ ಯಾವತ್ತೂ ಕೈಕೊಟ್ಟವರಲ್ಲ. 1776ರ ಜುಲೈ 4ರಂದು, ಫಿಲಡೆಲ್ಫಿಯಾದಲ್ಲಿ ಅವರು ಬರೆದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಾಂಗ್ರೆಸ್ ಒಪ್ಪಿಕೊಂಡ ದಿನವೇ, 3 ಪೌಂಡ್ 15 ಶಿಲಿಂಗ್ ಕೊಟ್ಟು ಒಂದು ಥರ್ಮಾಮೀಟರ್ ಕೊಂಡ ಲೆಕ್ಕವನ್ನು ಬರೆದಿಟ್ಟಿದ್ದಾರೆ. ಹೆಂಗಸರು ತೊಡುವ ಕೈಗವಸು 7 ಜೊತೆ. ಮಧ್ಯಾಹ್ನ 1 ಗಂಟೆಗೆ 76 ಡಿಗ್ರಿ ಫ್ಯಾರನ್‌ಹೀಟ್. ಚರಿತ್ರೆ ಮಗ್ಗುಲು ಬದಲಿಸುವ ದಿನವೂ ಸೆಕೆಯ ಲೆಕ್ಕ ಬಿಡದ ಇಂಥವರ ಮೇಲೆ ಅಕ್ಕರೆ ಹುಟ್ಟದೆ ಇರುತ್ತದೆಯೇ?

ಆ ಅಕ್ಕರೆ ಬಹಳ ಹೊತ್ತು ನಿಲ್ಲುವುದಿಲ್ಲ, ಅದೇ ಕಷ್ಟ. ಮನುಷ್ಯರೆಲ್ಲ ಸಮಾನರು, ಅವರ ಹಕ್ಕು ಸೃಷ್ಟಿಕರ್ತನೇ ಕೊಟ್ಟದ್ದು, ಅದನ್ನು ಕಾಯಲೆಂದೇ ಸರ್ಕಾರ ಎಂದು ಬಾಡಿಗೆ ಕೋಣೆಯಲ್ಲಿ ಕೂತು ಅವರು ಬರೆಯುತ್ತಿದ್ದಾಗ ಸೇವೆಗೆ ನಿಂತಿದ್ದವನು ರಾಬರ್ಟ್ ಹೆಮಿಂಗ್ಸ್ ಎಂಬ 14ರ ಹುಡುಗ. ಗುಲಾಮ.

ಹಕ್ಕು ಎಲ್ಲಿಂದ ಬಂತು ಎಂಬ ಜಗಳ ಹಳೆಯದು. ಸರ್ಕಾರ ಹುಟ್ಟುವ ಮೊದಲೇ ಇತ್ತು ಎಂದರು ದಾರ್ಶನಿಕ ಜಾನ್ ಲಾಕ್. ಕಾನೂನೇ ಇಲ್ಲದ ಕಡೆ ಹಕ್ಕೆಲ್ಲಿಯದು ಎಂದು ಇನ್ನೊಬ್ಬ ದಾರ್ಶನಿಕ ಜೆರೆಮಿ ಬೆಂಥಮ್ ಗೇಲಿ ಮಾಡಿದರು. ಲಾಕ್ ಓದುವಾಗ ಲಾಕ್ ಸರಿ, ಬೆಂಥಮ್ ಓದುವಾಗ ಬೆಂಥಮ್ ಸರಿ. ನನ್ನ ಬುದ್ಧಿಯ ಜಾಯಮಾನವೇ ಹೀಗೆ. ಅದಕ್ಕೇ ಅವರಿಬ್ಬರನ್ನೂ ಅಲ್ಲಿಯೇ ಬಿಟ್ಟು ಮ್ಯಾಸಚೂಸೆಟ್ಸಿನ ಶೆಫೀಲ್ಡ್ ಎಂಬ ಊರಿನ ಒಂದು ಮನೆಗೆ ನುಗ್ಗುತ್ತೇನೆ.

ಮನೆ ಕರ್ನಲ್ ಜಾನ್ ಆಶ್ಲಿಯವರದು. ಭಾರೀ ಜಮೀನ್ದಾರರು, ನ್ಯಾಯಾಧೀಶರೂ ಹೌದು. 1773ರ ಜನವರಿಯಲ್ಲಿ ಊರ ಹಿರಿಯರು ಇಲ್ಲಿ ಸೇರಿ ಬ್ರಿಟಿಷರ ವಿರುದ್ಧ ಒಂದು ನಿರ್ಣಯ ಬರೆದರು. ನಿಸರ್ಗದ ಸ್ಥಿತಿಯಲ್ಲಿ ಮನುಷ್ಯರು ಸಮಾನರು, ಸ್ವತಂತ್ರರು, ತಮ್ಮ ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನು ನೆಮ್ಮದಿಯಾಗಿ ಅನುಭವಿಸಲು ಹಕ್ಕುಳ್ಳವರು ಎಂಬುದು ಅದರ ಸಾರ. ಜೆಫರ್ಸನ್ನರಿಗಿಂತ ಮೂರು ವರ್ಷ ಮುಂಚೆ! ಬರೆದುಕೊಳ್ಳುವ ಕೆಲಸ ಥಿಯೋಡೋರ್ ಸೆಜ್‌ವಿಕ್ ಎಂಬ ಎಳೆಯ ವಕೀಲರದು. ಆ ಮನೆಯಲ್ಲಿ ಬೆಟ್ ಎಂಬ ಗುಲಾಮ ಹೆಂಗಸಿದ್ದಳು. ಮಮ್ ಬೆಟ್ ಎಂದು ಕರೆಯುತ್ತಿದ್ದರು. ನಮ್ಮ ಕಡೆಯಾಗಿದ್ದರೆ ಬೆಟ್ಟಮ್ಮ ಆಗಿಬಿಡುತ್ತಿದ್ದಳು. ಚಳಿಗಾಲದ ಆ ಸಭೆಗೆ ಬೆಂಕಿ ಒಟ್ಟಿದವರು ಯಾರು, ತಟ್ಟೆ ತಂದವರು ಯಾರು ಎಂದು ನಿರ್ಣಯದಲ್ಲಿ ಬರೆಯುವ ಪದ್ಧತಿಯಿಲ್ಲ.

ಮನೆಗೆಲಸದವರಿಗೆ ಕಿವಿಯಿರುವುದಿಲ್ಲ ಎಂದು ಯಜಮಾನರು ಯಾಕೆ ನಂಬುತ್ತಾರೋ. ನಮ್ಮ ದೊಡ್ಡ ಮನೆಗಳಲ್ಲೂ ಆಸ್ತಿ ಪಾಲು, ಮಗಳ ಸಂಬಂಧ ಮುರಿದ ಕಥೆ, ತೆರಿಗೆ ತಪ್ಪಿಸುವ ಉಪಾಯ ಎಲ್ಲವನ್ನೂ ಕಸ ಗುಡಿಸುವವಳ ಎದುರೇ ಗಟ್ಟಿಯಾಗಿ ಆಡುತ್ತಾರೆ. ಬೀಗರು ಬಂದರೆ ಮಾತ್ರ ದನಿ ತಗ್ಗುತ್ತದೆ. ಗುಡಿಸುವವಳಿಗೆ ಆ ಮನೆಯ ಬಗ್ಗೆ ಬೀಗರಿಗಿಂತ ಹೆಚ್ಚು ಗೊತ್ತು ಎಂಬುದು ಬೀಗರಿಗೂ ಗೊತ್ತು.

ಬೆಟ್ ಕೇಳಿಸಿಕೊಂಡಳು. ಆ ಸಭೆಯ ಮಾತಷ್ಟೇ ಅಲ್ಲ. 1780ರಲ್ಲಿ ಜಾನ್ ಆಡಮ್ಸ್ ಕರಡು ಮಾಡಿದ ಮ್ಯಾಸಚೂಸೆಟ್ಸ್ ಸಂವಿಧಾನ ಜಾರಿಗೆ ಬಂತು, ಅದರ ಮೊದಲ ವಿಧಿಯಲ್ಲೇ ಎಲ್ಲರೂ ಹುಟ್ಟಾ ಸ್ವತಂತ್ರರು, ಸಮಾನರು ಎಂದಿತ್ತು. ಅದೂ ಅವಳ ಕಿವಿಗೆ ಬಿತ್ತು. ಈ ನಡುವೆ ಯಜಮಾನಿ ಸಿಟ್ಟಿನಲ್ಲಿ ಕಾದ ಸಲಿಕೆಯನ್ನು ಇನ್ನೊಬ್ಬ ಹುಡುಗಿಯ ಮೇಲೆ ಬೀಸಿದಾಗ ಬೆಟ್ ತನ್ನ ತೋಳು ಅಡ್ಡ ಒಡ್ಡಿದ್ದಳು. ಆ ಗಾಯದ ಗುರುತು ಸಾಯುವವರೆಗೂ ಇತ್ತು, ಅದನ್ನವಳು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ಆ ಸ್ವಾತಂತ್ರ್ಯ ತನಗೂ ಬೇಕೆಂದು ಅವಳು ನೆಟ್ಟಗೆ ಹೋದದ್ದು ಸೆಜ್‌ವಿಕ್‌ರ ಬಳಿಗೆ. ಅಂದು ನಿರ್ಣಯ ಬರೆದುಕೊಂಡವರೇ! ಇಡೀ ಊರಲ್ಲಿ ಇದಕ್ಕಿಂತ ಚೆನ್ನಾಗಿ ವಕೀಲರನ್ನು ಆರಿಸಲು ಸಾಧ್ಯವಿರಲಿಲ್ಲ.

ದಾವೆಯ ಸ್ವರೂಪ ನೋಡಿ ನಾನು ನಕ್ಕಿದ್ದೇನೆ, ಆಮೇಲೆ ನಕ್ಕದ್ದಕ್ಕೆ ನಾಚಿ ಸುಮ್ಮನಾಗಿದ್ದೇನೆ. ಅನ್ಯಾಯವಾಗಿ ಹಿಡಿದಿಟ್ಟುಕೊಂಡ ಚರಾಸ್ತಿಯನ್ನು, ಕೊಂಡವಾಡಕ್ಕೆ ಸೇರಿದ ದನವನ್ನು, ಬಿಡಿಸಿಕೊಳ್ಳಲು ಹಿಂದಿನಿಂದ ಇದ್ದ ಕಾನೂನಿನ ದಾರಿಯನ್ನೇ ಸೆಜ್‌ವಿಕ್ ಹಿಡಿದರು. ಬೆಟ್ ಆಸ್ತಿಯಲ್ಲ ಎಂದು ಸಾಧಿಸಲು ಆಸ್ತಿಯ ಬಾಗಿಲಿಂದಲೇ ಒಳಗೆ ಹೋಗಬೇಕಾಯಿತು. ಅದೇ ಮನೆಯ ಬ್ರಾಮ್ ಎಂಬ ಗುಲಾಮನೂ ದಾವೆಯಲ್ಲಿ ಜೊತೆಗಿದ್ದ. ಇಬ್ಬರನ್ನೂ ಬಿಡಿ ಎಂದು ಆಜ್ಞೆ ಬಂದಾಗ ಆಶ್ಲಿ ಬಿಡಲಿಲ್ಲ. ಇವರು ಜೀವಮಾನದ ಆಳುಗಳು ಎಂದರು. ಅದೇ ಮನೆಯ ಬ್ರಾಮ್ ಎಂಬ ಗುಲಾಮನೂ ದಾವೆಯಲ್ಲಿ ಜೊತೆಗಿದ್ದ. 1781ರ ಆಗಸ್ಟಿನಲ್ಲಿ ಗ್ರೇಟ್ ಬ್ಯಾರಿಂಗ್‌ಟನ್ನಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಜ್ಯೂರಿಗಳು ಇಬ್ಬರೂ ಸ್ವತಂತ್ರರು ಎಂದರು. ಆಶ್ಲಿ 30 ಶಿಲಿಂಗ್ ಪರಿಹಾರ ಕೊಡಬೇಕು, ಖರ್ಚೂ ಸೇರಿಸಿ.

ಸರ್ಕಾರ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ 30 ಶಿಲಿಂಗ್ ತೋರಿಸುತ್ತೇನೆ. ಮೊತ್ತ ದೊಡ್ಡದಲ್ಲ, ಜೆಫರ್ಸನ್ನರ ಥರ್ಮಾಮೀಟರಿನ ಬೆಲೆಯ ಅರ್ಧವೂ ಆಗುವುದಿಲ್ಲ. ಆದರೆ ಊರಿನ ಅತಿ ದೊಡ್ಡ ಮನುಷ್ಯ, ಅದೂ ತಾನೇ ನ್ಯಾಯಪೀಠದಲ್ಲಿ ಕೂತವನು, ತನ್ನ ಅಡುಗೆಮನೆಯ ಹೆಂಗಸಿಗೆ ದುಡ್ಡು ಕಟ್ಟುವಂತೆ ಮಾಡಲು ತೋಳ್ಬಲದಿಂದ ಆಗುವುದಿಲ್ಲ, ದೇವರ ಹೆಸರಿನಿಂದಲೂ ಆಗುವುದಿಲ್ಲ. ಅದಕ್ಕೆ ಒಂದು ಕೋರ್ಟು, ಒಂದು ಬರಹ, ಹನ್ನೆರಡು ಜನ ನೆರೆಹೊರೆಯವರು ಬೇಕಾಯಿತು. ಎಲ್ಲಕ್ಕೂ ಮೊದಲು, ಓದು ಬರಹ ಬಾರದ ಬೆಟ್ ಆ ಬರಹವನ್ನು ಬರೆದವರಿಗಿಂತ ಗಂಭೀರವಾಗಿ ನಂಬಬೇಕಾಯಿತು. ಹಾಗೆ ನೋಡಿದರೆ ಲಾಕ್ ಮತ್ತು ಬೆಂಥಮ್ ಇಬ್ಬರೂ ಈ ಮೊಕದ್ದಮೆಯನ್ನು ತಮ್ಮದೇ ಎನ್ನಬಹುದು.

ಆಶ್ಲಿ ಮೇಲ್ಮನವಿ ಹಾಕಿ ಮತ್ತೆ ಹಿಂತೆಗೆದುಕೊಂಡರು. ಸಂಬಳ ಕೊಡುತ್ತೇನೆ, ಬಾ ಎಂದು ಕರೆದರು. ಎಲಿಜಬೆತ್ ಫ್ರೀಮನ್ ಎಂದು ಹೊಸ ಹೆಸರಿಟ್ಟುಕೊಂಡಿದ್ದ ಬೆಟ್ ಹೋಗಲಿಲ್ಲ. ಸೆಜ್‌ವಿಕ್‌ರ ಮನೆಯಲ್ಲಿ ಸಂಬಳಕ್ಕೆ ಸೇರಿದಳು, ಸೂಲಗಿತ್ತಿಯಾಗಿ ಊರಲ್ಲಿ ಹೆಸರು ಮಾಡಿದಳು, ದುಡ್ಡು ಕೂಡಿಟ್ಟು ಸ್ವಂತ ಮನೆ ಕೊಂಡುಕೊಂಡಳು.